ಓದುಗರ ಪ್ರಶ್ನೆ, ನಮ್ಮ ಉತ್ತರ: ಡೈ ಮಾಡುವ ಮನೆತನಗಳು

ಹಿಂದಿನ ಸಂಚಿಕೆಯಲ್ಲಿ ಮೈಸೂರು ಮತ್ತು ಮಂಡ್ಯದ ಸಣ್ಣ ಕೈಗಾರಿಕೆಗಳ ಬಗ್ಗೆ ಬರೆಯುವಾಗ, ರಟ್ಟು, ಚರ್ಮ, ರಬ್ಬರು, ಬಟ್ಟೆಗಳನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಡೈಗಳನ್ನು ತಯಾರಿಸುವ ಕುಟುಂಬಗಳ ಪ್ರಸ್ತಾಪ ಒಂದೆರಡು ಸಾಲಿನಲ್ಲಿ ಬಂದಿತ್ತು. ಉಳಿದ ಲೇಖನವನ್ನು ಬಿಟ್ಟು ಆ ಸಾಲುಗಳನ್ನೇ ಹಿಡಿದು ಹಲವರು ಪತ್ರ ಬರೆದಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವರ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಅಗರಬತ್ತಿ ಕಟ್ಟುವ ಚಿಕ್ಕ ಘಟಕ. ಪೊಟ್ಟಣ ಮಾಡಿಕೊಡುವ ಮುದ್ರಣಾಲಯದವರು ಬಿಲ್ಲಿನಲ್ಲಿ ಮುದ್ರಣದ ಖರ್ಚಲ್ಲದೆ ‘ಡೈ ಚಾರ್ಜು’ ಎಂದು ಬೇರೆಯಾಗಿ ಹಣ ಸೇರಿಸುತ್ತಾರೆ. ಈ ಡೈ ಎಂದರೆ ಏನು? ಅದಕ್ಕೆ ಅಷ್ಟು ಬೆಲೆ ಏಕೆ? ಹಣ ಕೊಟ್ಟ ಮೇಲೆ ಅದು ಯಾರದು? (ಓದುಗರೊಬ್ಬರು, ಮೈಸೂರು)

ನಿಮ್ಮ ಪೊಟ್ಟಣವೊಂದನ್ನು ಅಂಟು ಬಿಡಿಸಿ ಮೇಜಿನ ಮೇಲೆ ಹರಡಿ ನೋಡಿ. ಹೊರ ಅಂಚು ಒಂದೇ ಗೆರೆಯಾಗಿ ಕತ್ತರಿಸಿಹೋಗಿರುತ್ತದೆ, ಒಳಗಿನ ಮಡಿಕೆಗಳ ಜಾಗದಲ್ಲಿ ರಟ್ಟು ಕತ್ತರಿಸದೆ ಒತ್ತಿದ ಗುರುತು ಇರುತ್ತದೆ. ಈ ಎರಡು ಕೆಲಸಗಳನ್ನೂ ಯಂತ್ರದ ಒಂದೇ ಒತ್ತಿಗೆ ಮಾಡಿ ಮುಗಿಸುವ ಸಲಕರಣೆಯೇ ಡೈ. ಕರ್ಜಿಕಾಯಿ ಅಚ್ಚಿನ ಅಂಚು ಹೆಚ್ಚುವರಿ ಹಿಟ್ಟನ್ನು ಕತ್ತರಿಸಿ ಬೇರ್ಪಡಿಸುವುದಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಅಳತೆಯ ಬಿಗಿಯಲ್ಲಿ.

ಪೆಟ್ಟಿಗೆ ಕೆಲಸದ ಡೈಯಲ್ಲಿ ತಳಪಾಯವಾಗಿ ಸಾಮಾನ್ಯವಾಗಿ 18 ಮಿಲಿಮೀಟರ್ ದಪ್ಪದ ಒಳ್ಳೆಯ ಪ್ಲೈವುಡ್ ಹಲಗೆ ಇರುತ್ತದೆ. ಪೊಟ್ಟಣದ ನಕ್ಷೆಯ ಪ್ರಕಾರ ಆ ಹಲಗೆಯಲ್ಲಿ ಕಿರಿದಾದ ಸೀಳುಗಳನ್ನು ಕೊರೆದು, ಆ ಸೀಳುಗಳೊಳಗೆ ಉಕ್ಕಿನ ಪಟ್ಟಿಗಳನ್ನು ಬಾಗಿಸಿ ಕೂರಿಸುತ್ತಾರೆ. ಕತ್ತರಿಸುವ ಬ್ಲೇಡಿನ ಎತ್ತರ 23.8 ಮಿಲಿಮೀಟರ್, ದಪ್ಪ ಬಹುತೇಕ 0.71 ಮಿಲಿಮೀಟರ್. ಮಡಿಕೆ ಒತ್ತುವ ಪಟ್ಟಿ ಅದಕ್ಕಿಂತ ತುಸು ಗಿಡ್ಡ, ಅದರ ತುದಿ ಹರಿತವಾಗಿರದೆ ಉರುಟಾಗಿರುತ್ತದೆ. ಕತ್ತರಿಸಿದ ರಟ್ಟು ಬ್ಲೇಡುಗಳ ನಡುವೆ ಸಿಕ್ಕಿಕೊಳ್ಳದೆ ಹೊರಬರಲೆಂದು ಬ್ಲೇಡಿನ ಎರಡೂ ಪಕ್ಕಗಳಲ್ಲಿ ಅದಕ್ಕಿಂತ ಒಂದು ಮಿಲಿಮೀಟರಿನಷ್ಟು ಎತ್ತರವಾಗಿ ರಬ್ಬರಿನ ತುಂಡುಗಳನ್ನು ಅಂಟಿಸುತ್ತಾರೆ. ಸೀಳನ್ನು ಉದ್ದಕ್ಕೂ ಕೊರೆದರೆ ಹಲಗೆಯ ಒಳಭಾಗವೇ ಕಳಚಿ ಬೀಳುವುದರಿಂದ ಅಲ್ಲಲ್ಲಿ ಮರವನ್ನು ಸೇತುವೆಯಂತೆ ಉಳಿಸಿ, ಬ್ಲೇಡಿನ ಕೆಳಭಾಗದಲ್ಲಿ ಅದಕ್ಕೆ ಸರಿಯಾಗಿ ಕಚ್ಚು ಹಾಕಬೇಕಾಗುತ್ತದೆ. ಇನ್ನು ಬ್ಲೇಡಿನ ಬಾಯಲ್ಲಿ ಕೂದಲೆಳೆಯಷ್ಟು ಅಗಲದ ಕೆಲವು ಸಂದುಗಳನ್ನು ಬೇಕೆಂದೇ ಬಿಡುತ್ತಾರೆ, ಅಲ್ಲಿ ರಟ್ಟು ಕತ್ತರಿಸದೆ ಉಳಿಯುತ್ತದೆ. ಅವು ಇಲ್ಲದಿದ್ದರೆ ಕತ್ತರಿಸಿದ ಪೊಟ್ಟಣಗಳು ಹಾಳೆಯಿಂದ ಬೇರ್ಪಟ್ಟು ಯಂತ್ರದೊಳಗೇ ಚದುರಿಹೋಗುತ್ತವೆ.

ಬ್ಲೇಡಿನ ಉಕ್ಕಿನದೇ ಒಂದು ವಿಶೇಷ. ಮೈ ಮೆದುವಾಗಿರದಿದ್ದರೆ ಸಣ್ಣ ತಿರುವಿನಲ್ಲಿ ಬಾಗಿಸುವಾಗ ಸೀಳುತ್ತದೆ, ಬಾಯಿ ಗಟ್ಟಿಯಾಗಿರದಿದ್ದರೆ ಬೇಗ ಮೊಂಡಾಗುತ್ತದೆ. ಆದ್ದರಿಂದ ಒಂದೇ ಪಟ್ಟಿಯಲ್ಲಿ ಮೈಯನ್ನು ಮೆದುವಾಗಿ ಉಳಿಸಿ ಅಂಚನ್ನು ಮಾತ್ರ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಇಂಥ ಪಟ್ಟಿ ತಯಾರಿಸುವುದರಲ್ಲಿ ಆಸ್ಟ್ರಿಯ ದೇಶದ ಉಕ್ಕಿನ ಕಾರ್ಖಾನೆಗಳಿಗೆ ದೊಡ್ಡ ಹೆಸರಿದೆ. ಅವುಗಳಲ್ಲಿ ಬೋಲರ್ ಎಂಬುದು 1870ರಲ್ಲಿ ವಿಯೆನ್ನಾದಲ್ಲಿ ಅಣ್ಣತಮ್ಮಂದಿರು ಸೇರಿ ಆರಂಭಿಸಿದ ಸಂಸ್ಥೆ.

ಬೆಲೆಯ ವಿಚಾರಕ್ಕೆ ಬಂದರೆ, ಡೈ ಒಂದೊಂದೂ ಒಂದೇ ಒಂದು. ನಿಮ್ಮ ಪೊಟ್ಟಣದ ಡೈ ಮತ್ತೊಬ್ಬರಿಗೆ ಉಪಯೋಗಕ್ಕೆ ಬಾರದು. ನಕ್ಷೆ, ಕೊರೆತ, ಬಾಗಿಸುವಿಕೆ, ಕೂರಿಸುವಿಕೆ, ರಬ್ಬರು, ಪರೀಕ್ಷೆಯ ಒತ್ತು ಎಲ್ಲವೂ ಆ ಒಂದಕ್ಕಾಗಿಯೇ ನಡೆಯಬೇಕು. ಐದು ಸಾವಿರ ಪೊಟ್ಟಣ ಮಾಡಿಸಿದರೂ ಐವತ್ತು ಸಾವಿರ ಮಾಡಿಸಿದರೂ ಆ ಖರ್ಚು ಅಷ್ಟೇ. ಒಡೆತನದ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ: ಡೈಗೆಂದು ಪ್ರತ್ಯೇಕವಾಗಿ ಹಣ ತೆತ್ತಿದ್ದರೆ ಅದು ನಿಮ್ಮದೆಂದೂ, ಮುದ್ರಣಾಲಯದಲ್ಲಿ ಕೇವಲ ಇರಿಸಿದೆಯೆಂದೂ ಆರ್ಡರ್ ಕೊಡುವಾಗಲೇ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಬಿಟ್ಟರೆ ಮುದ್ರಣಾಲಯ ಬದಲಿಸುವ ದಿನ ಜಗಳ ಖಚಿತ.

ಪ್ರಶ್ನೆ: ಈ ಕಸುಬು ಎಲ್ಲಿ, ಯಾವಾಗ ಶುರುವಾಯಿತು? ನಮ್ಮ ಕಡೆಗೆ ಹೇಗೆ ಬಂತು? (ನಿವೃತ್ತ ಉಪಾಧ್ಯಾಯರು, ಶ್ರೀರಂಗಪಟ್ಟಣ)

ಆಕಾರಕ್ಕೆ ತಕ್ಕ ಅಲಗನ್ನು ಒತ್ತಿ ಕತ್ತರಿಸುವ ಪದ್ಧತಿ ಮೊದಲು ಬೆಳೆದದ್ದು ಕಾಗದದಲ್ಲೂ ಚರ್ಮದಲ್ಲೂ, ಸುಮಾರಾಗಿ ಒಂದೇ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ.

ಕಾಗದದ ಕಥೆಗೆ ಕಾರಣ ಅಂಚೆ. ಬ್ರಿಟನ್ನಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬರುವ ಮೊದಲು ಹಾಳೆಗಳ ಲೆಕ್ಕದಲ್ಲಿ ಅಂಚೆಯ ದರ ವಿಧಿಸುತ್ತಿದ್ದುದರಿಂದ ಲಕೋಟೆಯೂ ಒಂದು ಹಾಳೆಯಾಗಿ ಎಣಿಕೆಗೆ ಬರುತ್ತಿತ್ತು, ಹಾಗಾಗಿ ಜನ ಕಾಗದವನ್ನೇ ಮಡಚಿ ಮುದ್ರೆ ಒತ್ತಿ ಕಳಿಸುತ್ತಿದ್ದರು. ದರ ತೂಕದ ಲೆಕ್ಕಕ್ಕೆ ತಿರುಗಿದ ಕೂಡಲೇ ಲಕೋಟೆಗಳಿಗೆ ಬೇಡಿಕೆ ಏರಿತು. ಅಂಚೆ ಸುಧಾರಣೆಯ ರೋಲಂಡ್ ಹಿಲ್ ಅವರ ಅಣ್ಣ ಎಡ್ವಿನ್ ಹಿಲ್ ಮತ್ತು ಮುದ್ರಕ ಥಾಮಸ್ ಡಿ ಲಾ ರೂ ಅವರ ಮಗ ವಾರನ್ ಡಿ ಲಾ ರೂ ಇಬ್ಬರೂ ಸೇರಿ 1845ರಲ್ಲಿ ಲಕೋಟೆ ಮಡಚುವ ಯಂತ್ರಕ್ಕೆ ಹಕ್ಕುಪತ್ರ ಪಡೆದರು. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಜನ ಅದನ್ನು ಮುತ್ತಿ ನೋಡಿದರು. ಮಡಚುವ ಯಂತ್ರಕ್ಕೆ ಒಂದೇ ಅಳತೆಯ ಕಾಗದದ ತುಂಡುಗಳು ಬೇಕು, ಅವು ಬೇಕೆಂದರೆ ಹಾಳೆಗಳ ಕಟ್ಟನ್ನು ಒಮ್ಮೆಗೇ ಕತ್ತರಿಸುವ ಗಟ್ಟಿ ಉಕ್ಕಿನ ಡೈ ಬೇಕು. ಗಮನಿಸಬೇಕಾದ ಸಂಗತಿಯೆಂದರೆ, ಈ ಕಥೆಯ ಆರಂಭದಲ್ಲೇ ಒಬ್ಬ ಅಣ್ಣ, ಒಬ್ಬ ಮಗ ಇದ್ದಾರೆ.

ಚರ್ಮದ ಡೈಯಲ್ಲಿ ಹಲಗೆ ಇರುವುದಿಲ್ಲ. ದಪ್ಪನೆಯ ಉಕ್ಕಿನ ಪಟ್ಟಿಯನ್ನು ಅಟ್ಟೆಯ ಅಥವಾ ಚಪ್ಪಲಿಯ ಮೇಲ್ಭಾಗದ ಆಕಾರಕ್ಕೆ ಬಾಗಿಸಿ, ಕೂಡಿದ ಜಾಗವನ್ನು ಬೆಸೆದು, ಕಾಯಿಸಿ ಹದ ಮಾಡಿ, ಅಂಚನ್ನು ಮಸೆಯುತ್ತಾರೆ. ಕೆಲಸಗಾರ ಅದನ್ನು ಚರ್ಮದ ಮೇಲೆ ಕೈಯಿಂದಲೇ ಇಟ್ಟು, ಒತ್ತುವ ಯಂತ್ರದ ತೋಳನ್ನು ಅದರ ಮೇಲಕ್ಕೆ ತಿರುಗಿಸಿ ಒತ್ತುತ್ತಾನೆ. ರಟ್ಟಿನಂತೆ ಚರ್ಮದಲ್ಲಿ ಒಂದೇ ಒತ್ತಿಗೆ ಇಪ್ಪತ್ತು ತುಂಡು ತೆಗೆಯಲಾಗದು. ಪ್ರತಿಯೊಂದು ಚರ್ಮದಲ್ಲೂ ಗಾಯದ ಕಲೆ, ಉಣ್ಣಿ ಹುಳು ಕಚ್ಚಿದ ಗುರುತು, ಹೊಟ್ಟೆಯ ಕಡೆಯ ಸಡಿಲ ಭಾಗ ಇರುವುದರಿಂದ, ಅವನ್ನು ತಪ್ಪಿಸಿ ಡೈಯನ್ನು ಎಲ್ಲಿ ಯಾವ ದಿಕ್ಕಿಗೆ ಇಡಬೇಕೆಂಬ ತೀರ್ಮಾನವನ್ನು ಮನುಷ್ಯನ ಕಣ್ಣೇ ಮಾಡಬೇಕು. ಶರ್ಟಿನ ಕಾಲರು, ಕಫ್‌ಗಳನ್ನು ಬಟ್ಟೆಯ ಅಟ್ಟಿಯಿಂದ ಕತ್ತರಿಸಲು ಸಿದ್ಧ ಉಡುಪು ಕಾರ್ಖಾನೆಗಳಲ್ಲೂ ಇದೇ ಬಗೆಯ ಡೈ ಬಳಸುತ್ತಾರೆ. ಎಂಜಿನ್‌ಗಳ ಕೂಡುಭಾಗಗಳ ನಡುವೆ ಇಡುವ ಗ್ಯಾಸ್ಕೆಟ್ಟುಗಳೂ ಹೀಗೆಯೇ ಹಾಳೆಯಿಂದ ಹೊರಬರುತ್ತವೆ. ಒಂದು ಕಾಲಕ್ಕೆ ಯಾದವಗಿರಿಯಲ್ಲಿ ಜಾವಾ ಮೋಟಾರುಬೈಕು ತಯಾರಾಗುತ್ತಿದ್ದ ಮೈಸೂರಿಗೆ ಗ್ಯಾಸ್ಕೆಟ್ಟನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ.

ಮಡಚುವ ರಟ್ಟಿನ ಪೊಟ್ಟಣದ ಕಥೆ ಬೇರೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಾಗದದ ಚೀಲದ ಕಾರ್ಖಾನೆ ನಡೆಸುತ್ತಿದ್ದ ರಾಬರ್ಟ್ ಗೇರ್ ಎಂಬುವರ ಯಂತ್ರದಲ್ಲಿ, 1879ರಲ್ಲಿ, ಚೀಲಕ್ಕೆ ಮಡಿಕೆ ಒತ್ತಬೇಕಾಗಿದ್ದ ಲೋಹದ ಪಟ್ಟಿ ಸ್ಥಾನ ತಪ್ಪಿ ಚೀಲಗಳನ್ನು ಕತ್ತರಿಸಿಹಾಕಿತು. ಹಾಳಾದ ಸರಕನ್ನು ನೋಡಿ ಗೇರ್ ಅವರಿಗೆ ಹೊಳೆದದ್ದು ಇದು: ಕತ್ತರಿಸುವ ಪಟ್ಟಿಯನ್ನು ಎತ್ತರಕ್ಕೂ ಮಡಿಕೆಯ ಪಟ್ಟಿಯನ್ನು ತಗ್ಗಿಗೂ ಒಂದೇ ಚೌಕಟ್ಟಿನಲ್ಲಿ ಇಟ್ಟರೆ ಎರಡೂ ಕೆಲಸ ಒಮ್ಮೆಗೇ ಆಗುತ್ತದೆ. ಅಲ್ಲಿಯವರೆಗೆ ರಟ್ಟಿನ ಪೆಟ್ಟಿಗೆಯೆಂದರೆ ಕೈಯಿಂದ ಕತ್ತರಿಸಿ ಅಂಟಿಸಿ ನಿಲ್ಲಿಸಿದ ದುಬಾರಿ ವಸ್ತು. ಆಮೇಲೆ ಅದು ಚಪ್ಪಟೆಯಾಗಿ ಸಾಗಿಸಿ, ಸರಕು ತುಂಬುವಾಗ ಬಿಡಿಸಿಕೊಳ್ಳುವ ಅಗ್ಗದ ಪೊಟ್ಟಣವಾಯಿತು. ಇಂದಿಗೂ ಡೈಯ ಮೂಲ ರಚನೆ ಗೇರ್ ಅವರ ಆ ಎತ್ತರ-ತಗ್ಗಿನ ಲೆಕ್ಕವೇ.

ಈ ಡೈಗಳನ್ನು ಒತ್ತುವ ಯಂತ್ರಗಳ ಚರಿತ್ರೆಯಲ್ಲೂ ಒಂದು ಮನೆತನವಿದೆ. ಜೋಸೆಫ್ ಬಾಬ್ಸ್ಟ್ ಎಂಬುವರು 1890ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಮುದ್ರಣಾಲಯಗಳಿಗೆ ಬೇಕಾದ ಸಾಮಗ್ರಿ ಮಾರುವ ಅಂಗಡಿ ತೆರೆದರು. ಮಕ್ಕಳು ಸೇರಿಕೊಂಡ ಮೇಲೆ ವ್ಯಾಪಾರ ಯಂತ್ರ ತಯಾರಿಕೆಯತ್ತ ಹೊರಳಿತು. 1940ರಲ್ಲಿ ಅವರ ಸಂಸ್ಥೆ ಹೊರತಂದ, ಹಾಳೆಗಳನ್ನು ತಾನೇ ಎಳೆದುಕೊಂಡು ಕತ್ತರಿಸಿ ಹೊರಗಿಡುವ ಯಂತ್ರ ದೊಡ್ಡ ಪೊಟ್ಟಣ ಕಾರ್ಖಾನೆಗಳ ಸ್ವರೂಪವನ್ನೇ ಬದಲಿಸಿತು.

ನಮ್ಮ ಕಡೆಗೆ ಡೈ ಬಂದದ್ದು ಅಚ್ಚುಕೂಟದ ಬಾಗಿಲಿನಿಂದ. ಮೊಳೆ, ಅಂದರೆ ಒಂದೊಂದು ಅಕ್ಷರದ ಲೋಹದ ತುಂಡು, ಜೋಡಿಸಿ ಮುದ್ರಿಸುತ್ತಿದ್ದ ಕಾಲದಲ್ಲಿ ಅಚ್ಚಿನ ಮೊಳೆಯ ಎತ್ತರ 0.918 ಇಂಚು, ಅಂದರೆ 23.3 ಮಿಲಿಮೀಟರ್. ಬ್ಲೇಡಿನ ಎತ್ತರ ಅದಕ್ಕೆ ಇಷ್ಟು ಹತ್ತಿರವಾಗಿರುವುದು ಆಕಸ್ಮಿಕವಲ್ಲ. ಮುದ್ರಿಸುವ ಯಂತ್ರದಲ್ಲೇ ಮಸಿಯ ಉರುಳೆಗಳನ್ನು ತೆಗೆದು, ಮೊಳೆಗಳ ಜಾಗದಲ್ಲಿ ಬ್ಲೇಡುಗಳನ್ನು ಮರದ ತುಂಡುಗಳ ನಡುವೆ ಬಿಗಿದು ಕತ್ತರಿಸುವುದು ಸಾಧ್ಯವಿತ್ತು. ಆಫ್‌ಸೆಟ್ ಮುದ್ರಣ ಬಂದು ಮೊಳೆ ಜೋಡಣೆ ಮೂಲೆಗೆ ಸರಿದಾಗ ಎಷ್ಟೋ ಹಳೆಯ ಟ್ರೆಡಲ್ ಯಂತ್ರಗಳು ಗುಜರಿಗೆ ಹೋಗದೆ ಉಳಿದದ್ದು ಡೈ ಪಂಚಿಂಗ್, ಅಂದರೆ ಡೈ ಒತ್ತಿ ಕತ್ತರಿಸುವ ಕೆಲಸದಿಂದಲೇ. ಮೊಳೆ ಜೋಡಿಸುತ್ತಿದ್ದ ಕೈಗಳಿಗೂ ಅದೇ ದಾರಿಯಾಯಿತು. ಪಾಯಿಂಟು, ಎಂ ಎಂಬ ಮುದ್ರಣದ ಅಳತೆಗಳು, ಚೌಕಟ್ಟು, ಬಿಗಿತ ಎಲ್ಲವೂ ಗೊತ್ತಿದ್ದವರಿಗೆ ಡೈ ಕಟ್ಟುವುದು ಪೂರ್ತಿ ಹೊಸ ವಿದ್ಯೆಯೇನಾಗಿರಲಿಲ್ಲ. ಮುಂದೆ ಮರದ ತುಂಡುಗಳ ಬದಲು ಪ್ಲೈವುಡ್ಡನ್ನು ಸಣ್ಣ ಗರಗಸದಿಂದ ಕೊಯ್ದು ಬ್ಲೇಡು ಕೂರಿಸುವ ಕ್ರಮ ಬಂತು. ಗರಗಸದ ಜಾಗಕ್ಕೆ ಲೇಸರನ್ನು ತರುವ ಕೆಲಸ ಯೂರೋಪಿನಲ್ಲಿ 1970ರ ದಶಕದಲ್ಲೇ ಆರಂಭವಾಗಿತ್ತಾದರೂ ಸಣ್ಣ ಊರುಗಳ ಡೈ ಅಂಗಡಿಗಳನ್ನು ಅದು ಮುಟ್ಟಿದ್ದು ಬಹಳ ತಡವಾಗಿ.

ಪ್ರಶ್ನೆ: ಡೈ ಮಾಡುವವರಲ್ಲಿ ಹೆಚ್ಚಿನವರು ಅಪ್ಪ-ಮಗ, ಅಣ್ಣ-ತಮ್ಮ ಸೇರಿ ನಡೆಸುವವರೇ ಆಗಿರುತ್ತಾರಲ್ಲ, ದೊಡ್ಡ ಕಂಪನಿಗಳು ಈ ಕೆಲಸವನ್ನು ಏಕೆ ನುಂಗಿಹಾಕಿಲ್ಲ? (ವಾಣಿಜ್ಯ ವಿದ್ಯಾರ್ಥಿನಿ, ಮಂಡ್ಯ)

ದೊಡ್ಡ ಬಂಡವಾಳಕ್ಕೆ ಲಾಭ ಹುಟ್ಟುವುದು ಒಂದೇ ವಸ್ತುವನ್ನು ಲಕ್ಷಗಟ್ಟಲೆ ಮಾಡುವುದರಲ್ಲಿ. ಡೈ ಅದಕ್ಕೆ ನೇರ ವಿರುದ್ಧ. ಇಂದು ಔಷಧದ ಪೊಟ್ಟಣ, ನಾಳೆ ಸಿಹಿತಿಂಡಿಯ ಪೆಟ್ಟಿಗೆ, ನಾಡಿದ್ದು ಮದುವೆಯ ಕರೆಯೋಲೆ. ಪ್ರತಿಯೊಂದೂ ಹೊಸದು, ಪ್ರತಿಯೊಂದೂ ತುರ್ತು. ಮುದ್ರಣ ಮುಗಿಸಿದ ಹಾಳೆಗಳು ಅಟ್ಟಿಯಾಗಿ ಕಾಯುತ್ತಿರುವಾಗ ಸಂಜೆ ಆರಕ್ಕೆ ಬಂದು ಬೆಳಗ್ಗೆ ಡೈ ಬೇಕೆನ್ನುವ ಗಿರಾಕಿಗೆ ಒಪ್ಪಿಗೆ ಕೊಡಬಲ್ಲವರು ಅಂಗಡಿಯ ಹಿಂದೆಯೇ ಮನೆ ಇರುವವರು. ಸಾಗಣೆಯ ಕಾರಣವೂ ಇದೆ: ಬ್ಲೇಡು ಮುರಿದಾಗ, ಮಡಿಕೆ ಕೂರದಿದ್ದಾಗ ಡೈ ಮಾಡಿದವರು ಯಂತ್ರದ ಬಳಿಗೇ ಬಂದು ಸರಿಪಡಿಸಬೇಕು. ದೂರದ ಕಾರ್ಖಾನೆಯಿಂದ ಅದು ಆಗುವ ಮಾತಲ್ಲ.

ಇನ್ನೊಂದು ಕಾರಣ ನಂಬಿಕೆ. ಹೊಸ ಉತ್ಪನ್ನ ಮಾರುಕಟ್ಟೆಗೆ ಬರುವ ಎಷ್ಟೋ ಮೊದಲು ಅದರ ಪೊಟ್ಟಣದ ಆಕಾರವನ್ನು ಡೈ ಮಾಡುವವನು ನೋಡಿರುತ್ತಾನೆ. ಆ ಸುದ್ದಿ ಪಕ್ಕದ ಪೈಪೋಟಿಗಾರನಿಗೆ ಹೋಗಬಾರದು. ಮೈಸೂರಿನ ಅಗರಬತ್ತಿ ಉದ್ಯಮವೇ ಮನೆತನಗಳ ಉದ್ಯಮ, ಎನ್. ರಂಗರಾವ್ ಅವರು 1948ರಲ್ಲಿ ಆರಂಭಿಸಿದ ಸಂಸ್ಥೆ ಇಂದಿಗೂ ಅವರ ಕುಟುಂಬದ ಕೈಯಲ್ಲೇ ಇದೆ. ಇಂಥ ವ್ಯಾಪಾರಿ ಮನೆತನಗಳು ತಮ್ಮಂಥದೇ ಮತ್ತೊಂದು ಮನೆತನದ ಜೊತೆ ವ್ಯವಹರಿಸಲು ಇಷ್ಟಪಡುವುದು ಸಹಜ.

ಎಲ್ಲಕ್ಕಿಂತ ಮುಖ್ಯವಾದುದು ಅನುಭವದ ಲೆಕ್ಕ. ಯಾವ ಮಿಲ್ಲಿನ ರಟ್ಟು ಎಷ್ಟು ಹಿಗ್ಗುತ್ತದೆ, ಯಾವ ಮುದ್ರಣಾಲಯದ ಯಂತ್ರದ ಯಾವ ಮೂಲೆ ಒತ್ತು ಕಡಿಮೆ ಕೊಡುತ್ತದೆ, ಬಾಗಿಸುವಾಗ ಉಕ್ಕು ಮರಳಿ ಬಿಚ್ಚಿಕೊಳ್ಳುವುದನ್ನು ಕಳೆಯಲು ಎಷ್ಟು ಹೆಚ್ಚು ಬಾಗಿಸಬೇಕು ಎಂಬಂಥ ಸಂಗತಿಗಳು ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ. ಅವು ಒಂದು ಅಂಗಡಿಯಲ್ಲಿ ವರ್ಷಗಟ್ಟಲೆ ಕೂಡಿಬಂದು, ಜೊತೆಗೆ ನಿಂತು ಕೆಲಸ ಮಾಡಿದವರಿಗೆ ಮಾತ್ರ ದಾಟುತ್ತವೆ. ನಮ್ಮ ದೃಷ್ಟಿಯಲ್ಲಿ ಡೈ ಮಾಡುವ ಮನೆತನದ ನಿಜವಾದ ಆಸ್ತಿ ಯಂತ್ರವಲ್ಲ, ಈ ಲೆಕ್ಕ ಮತ್ತು ಗೋಡೆಗೆ ಒರಗಿಸಿಟ್ಟ ಹಳೆಯ ಡೈಗಳು. ಮನೆತನಗಳು ಮುರಿದಾಗ ಮೊದಲು ಕಳೆದುಹೋಗುವುದೂ ಇವೇ, ಏಕೆಂದರೆ ಇವನ್ನು ಯಾರೂ ಬರೆದಿಟ್ಟಿರುವುದಿಲ್ಲ.

ಹಾಗೆಂದು ಮನೆಕಸುಬನ್ನು ಹಾಡಿ ಹೊಗಳುವ ಉದ್ದೇಶ ನಮಗಿಲ್ಲ. ರಬ್ಬರು ಕತ್ತರಿಸಿ ಅಂಟಿಸುವ, ಪರೀಕ್ಷೆಯ ಹಾಳೆ ನೋಡುವ, ಲೆಕ್ಕ ಬರೆಯುವ ಕೆಲಸಗಳನ್ನು ಮನೆಯ ಹೆಂಗಸರು ಮಾಡುತ್ತಿದ್ದರೂ ಅವರ ಹೆಸರು ಸಂಬಳದ ಪುಸ್ತಕದಲ್ಲೂ ಇಲ್ಲ, ಪಾಲುಪತ್ರದಲ್ಲೂ ಇಲ್ಲ ಎನ್ನುವ ಅಂಗಡಿಗಳು ಕಡಿಮೆಯೇನಲ್ಲ. ಮುಂದಿನ ಪತ್ರ ಆ ಕಡೆಗೇ ಕರೆದೊಯ್ಯುತ್ತದೆ.

ಪ್ರಶ್ನೆ: ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ತಂದೆ ಮತ್ತು ಚಿಕ್ಕಪ್ಪ ಇಬ್ಬರೇ ಪಾಲುದಾರರಾಗಿ ಡೈ ತಯಾರಿಸುವ ಘಟಕ ನಡೆಸುತ್ತಿದ್ದರು. ಅದನ್ನು ಕಟ್ಟಿದವರು ತಾತ. ಚಿಕ್ಕಪ್ಪ ಹೋದ ವರ್ಷ ತೀರಿಕೊಂಡರು. ಚಿಕ್ಕಮ್ಮ ‘ಈಗ ಲೆಕ್ಕ ಬೇಡ, ನಡೆದುಕೊಂಡು ಹೋಗಲಿ’ ಎನ್ನುತ್ತಾರೆ. ನಾನು ಇಂಜಿನಿಯರಿಂಗ್ ಮುಗಿಸಿ ತಂದೆಯವರ ಜೊತೆ ಸೇರಿದ್ದೇನೆ. ಸಾಲ ಮಾಡಿ ಲೇಸರ್ ಯಂತ್ರ ಕೊಳ್ಳೋಣ ಎಂಬುದು ನನ್ನ ಆಸೆ, ತಂದೆಯವರು ಒಪ್ಪುತ್ತಿಲ್ಲ. ಏನು ಮಾಡಬೇಕು? (ಓದುಗರೊಬ್ಬರು, ಮಂಡ್ಯ)

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ, ಮೊದಲನೆಯದನ್ನು ಬಗೆಹರಿಸದೆ ಎರಡನೆಯದಕ್ಕೆ ಕೈಹಾಕಬಾರದು.

ಭಾರತೀಯ ಪಾಲುದಾರಿಕೆ ಕಾಯಿದೆ, 1932ರ 42ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಒಬ್ಬ ಪಾಲುದಾರನ ಮರಣದಿಂದ ಪಾಲುದಾರಿಕೆ ವಿಸರ್ಜನೆಯಾಗುತ್ತದೆ. ಪಾಲುಪತ್ರದಲ್ಲಿ ‘ಒಬ್ಬರು ತೀರಿಕೊಂಡರೂ ಮುಂದುವರಿಯತಕ್ಕದ್ದು’ ಎಂದು ಬರೆದಿದ್ದರೂ, ಇಬ್ಬರೇ ಪಾಲುದಾರರಿದ್ದಲ್ಲಿ ಅದರಿಂದ ಪ್ರಯೋಜನವಿಲ್ಲ. ಉಳಿದ ಒಬ್ಬರೇ ಪಾಲುದಾರಿಕೆಯಾಗಲು ಸಾಧ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಸೇಠ್ ಗೋವಿಂದರಾಮ್ ಶುಗರ್ ಮಿಲ್ಸ್ ಪ್ರಕರಣದಲ್ಲಿ 1965ರಲ್ಲೇ ಹೇಳಿದೆ. ಆದ್ದರಿಂದ ಕಾನೂನಿನ ಕಣ್ಣಿಗೆ ನಿಮ್ಮ ಹಳೆಯ ಸಂಸ್ಥೆ ಚಿಕ್ಕಪ್ಪನವರು ತೀರಿಕೊಂಡ ದಿನವೇ ಮುಗಿದಿದೆ. ಈಗ ನಡೆಯುತ್ತಿರುವುದು ನಿಮ್ಮ ತಂದೆಯವರ ಒಬ್ಬರದೇ ವ್ಯವಹಾರ, ಆದರೆ ಅದರೊಳಗೆ ಚಿಕ್ಕಪ್ಪನವರ ಬಂಡವಾಳ ಸೇರಿಕೊಂಡಿದೆ.

ಚಿಕ್ಕಮ್ಮನವರು ಲೆಕ್ಕ ಬೇಡವೆಂದರೂ ಕಾಯಿದೆ ಅದನ್ನು ಮರೆಯುವುದಿಲ್ಲ. 37ನೆಯ ಕಲಮಿನ ಪ್ರಕಾರ, ಲೆಕ್ಕ ಚುಕ್ತಾ ಮಾಡದೆ ಸಂಸ್ಥೆಯ ಆಸ್ತಿಯಿಂದ ವ್ಯಾಪಾರ ಮುಂದುವರಿಸಿದರೆ, ತೀರಿಕೊಂಡವರ ವಾರಸುದಾರರು ತಮ್ಮ ಪಾಲಿನ ಬಳಕೆಯಿಂದ ಬಂದ ಲಾಭವನ್ನಾಗಲಿ, ಇಲ್ಲವೇ ಆ ಪಾಲಿನ ಮೊತ್ತಕ್ಕೆ ವರ್ಷಕ್ಕೆ ಶೇಕಡ 6ರಂತೆ ಬಡ್ಡಿಯನ್ನಾಗಲಿ ಆಯ್ದುಕೊಂಡು ಕೇಳಬಹುದು. ಇಂದು ಚಿಕ್ಕಮ್ಮನವರ ಬಾಯಲ್ಲಿ ಬರುವ ಪ್ರೀತಿಯ ಮಾತು ಹತ್ತು ವರ್ಷ ಕಳೆದು ಅವರ ಮಕ್ಕಳ ಬಾಯಲ್ಲಿ ಅದೇ ರೀತಿ ಬರುತ್ತದೆಂದು ಎಣಿಸಬೇಡಿ. ಅಷ್ಟರಲ್ಲಿ ನೀವು ಸಾಲ ಮಾಡಿ ಲೇಸರ್ ತಂದಿದ್ದರೆ, ಹಳೆಯ ಪಾಲು ಯಾವುದು ಹೊಸ ದುಡಿಮೆ ಯಾವುದು ಎಂದು ಬೇರ್ಪಡಿಸುವುದು ಅಸಾಧ್ಯವಾಗುತ್ತದೆ.

ಆದಕಾರಣ ಚಿಕ್ಕಪ್ಪನವರು ತೀರಿಕೊಂಡ ದಿನಕ್ಕೆ ಸರಿಯಾಗಿ ಒಂದು ಲೆಕ್ಕಪಟ್ಟಿ ಮಾಡಿಸಿ. ಯಂತ್ರ, ದಾಸ್ತಾನು, ಬರಬೇಕಾದ ಬಾಕಿಗಳ ಜೊತೆಗೆ ಸಂಸ್ಥೆಯ ಹೆಸರಿನ ಬೆಲೆಯನ್ನೂ ಅದರಲ್ಲಿ ಸೇರಿಸಬೇಕು. 14ನೆಯ ಕಲಮು ಗಿರಾಕಿಗಳಲ್ಲಿ ಗಳಿಸಿದ ಹೆಸರನ್ನೂ ಸಂಸ್ಥೆಯ ಆಸ್ತಿಯೆಂದೇ ಎಣಿಸುತ್ತದೆ. ಡೈ ಅಂಗಡಿಯಲ್ಲಿ ಆ ಹೆಸರಿನ ದೊಡ್ಡ ಪಾಲು ಇರುವುದು ಹಳೆಯ ಡೈಗಳು ಮತ್ತು ನಕ್ಷೆಗಳ ಸಂಗ್ರಹದಲ್ಲಿ, ಏಕೆಂದರೆ ಗಿರಾಕಿ ಮರಳಿ ಬರುವುದೇ ‘ಹೋದ ಸಲದ್ದೇ ಇರಲಿ’ ಎನ್ನಲು. ಇದರ ಮೇಲೆ ಚಿಕ್ಕಮ್ಮನವರಿಗೆ ಪಾಲು ಚುಕ್ತಾ ಮಾಡಬಹುದು, ಅಥವಾ ಅವರನ್ನೂ ನಿಮ್ಮನ್ನೂ ಸೇರಿಸಿ ಹೊಸ ಪಾಲುಪತ್ರ ಬರೆದು ನೋಂದಣಿ ಮಾಡಿಸಬಹುದು. ನಮಗೆ ಎರಡನೆಯ ದಾರಿ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ನೋಂದಣಿಯನ್ನು ಬಿಡಬೇಡಿ, ನೋಂದಣಿಯಾಗದ ಸಂಸ್ಥೆ ಹಣ ಕೊಡದ ಗಿರಾಕಿಯ ಮೇಲೆ ಒಪ್ಪಂದದ ಆಧಾರದಲ್ಲಿ ದಾವೆ ಹೂಡಲಾರದು ಎಂದು 69ನೆಯ ಕಲಮು ಹೇಳುತ್ತದೆ. ಹೊಸ ಸಂಸ್ಥೆಗೆ ಹೊಸ ಪ್ಯಾನ್, ಅದರಿಂದ ಹೊಸ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಹಳೆಯ ಖಾತೆಯಲ್ಲಿ ಉಳಿದ ಹೂಡುವಳಿ ತೆರಿಗೆಯ, ಅಂದರೆ ಖರೀದಿಯ ಮೇಲೆ ಆಗಲೇ ಕಟ್ಟಿದ ತೆರಿಗೆಯ, ಜಮೆಯನ್ನು ಹೊಸದಕ್ಕೆ ವರ್ಗಾಯಿಸಲು ಐಟಿಸಿ-02 ಎಂಬ ನಮೂನೆ ಇದೆ, ಅದನ್ನು ನಿಮ್ಮ ಲೆಕ್ಕಪರಿಶೋಧಕರು ಮರೆಯದಂತೆ ನೋಡಿಕೊಳ್ಳಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಯನ್ನೂ ಹೊಸದಾಗಿ ಮಾಡಿಸಿ. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣಗಳ ಹೂಡಿಕೆ 2.5 ಕೋಟಿ ರೂಪಾಯಿ, ವಹಿವಾಟು 10 ಕೋಟಿ ರೂಪಾಯಿ ಮೀರದ ಘಟಕ ಅತಿಸಣ್ಣ ಉದ್ಯಮ ಎನಿಸಿಕೊಳ್ಳುತ್ತದೆ. ಸಣ್ಣ ಉದ್ಯಮಗಳ 2006ರ ಕಾಯಿದೆಯ ಪ್ರಕಾರ ಅಂಥ ಘಟಕಕ್ಕೆ ಗಿರಾಕಿಗಳು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಿಂಗಳುಗಟ್ಟಲೆ ಬಾಕಿ ಉಳಿಸುವ ಮುದ್ರಣಾಲಯಗಳ ನಡುವೆ ಬದುಕುವ ನಿಮ್ಮ ಕಸುಬಿಗೆ ಈ ಒಂದು ಸಾಲು ಎಷ್ಟು ಮುಖ್ಯವೆಂದು ತಂದೆಯವರಿಗೆ ಗೊತ್ತಿರುತ್ತದೆ.

ಇನ್ನು ಲೇಸರ್. ಇದರಲ್ಲಿ ನಾವು ತಂದೆಯವರ ಕಡೆಗೆ ವಾಲುತ್ತೇವೆ, ಅವರ ಕಾರಣಗಳಿಗಾಗಿ ಅಲ್ಲದಿದ್ದರೂ. ಲೇಸರ್ ಮಾಡುವುದು ಒಂದೇ ಕೆಲಸ: 0.71 ಮಿಲಿಮೀಟರಿನ ಬ್ಲೇಡು ಬಿಗಿಯಾಗಿ ಕೂರುವಂಥ ಸೀಳನ್ನು, ಹಲಗೆಯ ಮೇಲಿಂದ ಕೆಳಗಿನವರೆಗೆ ನೇರವಾಗಿ, ನಕ್ಷೆ ಹೇಳಿದ ಜಾಗದಲ್ಲೇ ಕೊರೆಯುವುದು. ಗರಗಸದ ಕೈ ಎಷ್ಟೇ ಪಳಗಿದ್ದರೂ ಒಂದೇ ಹಾಳೆಯಲ್ಲಿ ಹದಿನಾರು ಪೊಟ್ಟಣಗಳ ಡೈ ಮಾಡುವಾಗ ಹದಿನಾರೂ ಒಂದೇ ಅಳತೆ ಬರುವುದು ಕಷ್ಟ, ಲೇಸರಿಗೆ ಅದು ಸುಲಭ. ಆದರೆ ಈ ಕೊರೆತವನ್ನು ಕೂಲಿ ಲೆಕ್ಕದಲ್ಲಿ ಮಾಡಿಕೊಡುವವರಿದ್ದಾರೆ. ಬೆಂಗಳೂರಿಗೋ ಮೈಸೂರಿಗೋ ನಕ್ಷೆಯ ಕಡತ ಕಳಿಸಿ, ಕೊರೆದ ಹಲಗೆ ತರಿಸಿಕೊಂಡು, ಬಾಗಿಸಿ ಕೂರಿಸುವ ಕೆಲಸವನ್ನು ತಮ್ಮಲ್ಲೇ ಮಾಡುವ ಸಣ್ಣ ಅಂಗಡಿಗಳು ಎಷ್ಟೋ ಇವೆ. ಯಂತ್ರದ ಕಂತು ತುಂಬುವಷ್ಟು ಹಲಗೆಗಳು ನಿಮ್ಮೊಬ್ಬರ ಅಂಗಡಿಯಲ್ಲೇ ನಿತ್ಯ ಹುಟ್ಟುತ್ತವೆಯೇ ಎಂದು ಹೋದ ವರ್ಷದ ಆರ್ಡರ್ ಪುಸ್ತಕ ನೋಡಿ ಲೆಕ್ಕ ಹಾಕಿ, ಊಹೆಯಿಂದ ಬೇಡ.

ನಿಮ್ಮ ಇಂಜಿನಿಯರಿಂಗ್ ಓದಿಗೆ ಇದಕ್ಕಿಂತ ತಕ್ಕ ಕೆಲಸ ಇನ್ನೊಂದಿದೆ. ತಾತನ ಕಾಲದಿಂದ ಉಳಿದಿರುವ ಡೈಗಳಲ್ಲಿ ಈಗಲೂ ಆರ್ಡರ್ ಬರುವವನ್ನು ಮೊದಲು ಆರಿಸಿ, ಒಂದೊಂದನ್ನೂ ಅಳೆದು ಗಣಕದಲ್ಲಿ ನಕ್ಷೆ ಮಾಡಿ. ಅಲೆಯಲೆ ರಟ್ಟಿನ ಪೆಟ್ಟಿಗೆಗಳಿಗೆ ಫೆಫ್ಕೊ ಸಂಕೇತಗಳೆಂಬ ಅಂತರರಾಷ್ಟ್ರೀಯ ಪಟ್ಟಿ ಇದೆ. ಅಂಗಡಿಗಳಲ್ಲಿ ನಿತ್ಯ ಕಾಣುವ ಸಾದಾ ಪೆಟ್ಟಿಗೆ ಅದರಲ್ಲಿ 0201. ನಿಮ್ಮ ನಕ್ಷೆಗಳಿಗೂ ಅಂಥ ಸಂಕೇತ ಕೊಟ್ಟು, ಯಾವ ರಟ್ಟಿಗೆ ಎಷ್ಟು ಬಿಟ್ಟಿದ್ದೇವೆ, ಯಾವ ಯಂತ್ರದಲ್ಲಿ ಏನು ತೊಂದರೆ ಬಂತು ಎಂಬುದನ್ನು ತಂದೆಯವರ ಬಾಯಿಂದ ಕೇಳಿ ಅದರ ಪಕ್ಕದಲ್ಲೇ ಬರೆದಿಡಿ. ಚಿಕ್ಕಪ್ಪನವರಿಗೆ ಗೊತ್ತಿದ್ದ ಭಾಗ ಅವರ ಜೊತೆ ಹೋಗಿದೆ, ಉಳಿದದ್ದನ್ನಾದರೂ ಉಳಿಸಿಕೊಳ್ಳಿ. ಈ ಕೆಲಸ ಮುಗಿದ ಮೇಲೆ ಲೇಸರ್ ಕೊಂಡರೆ ಅದಕ್ಕೆ ಉಣಿಸಲು ನಕ್ಷೆಗಳಿರುತ್ತವೆ. ಕೊಳ್ಳದಿದ್ದರೂ ಪಾಲುಪತ್ರದ ಆಸ್ತಿಪಟ್ಟಿಯಲ್ಲಿ ಬರೆಯಬಹುದಾದ ಒಂದು ವಸ್ತು ಸಿದ್ಧವಾಗಿರುತ್ತದೆ.

ಪ್ರಶ್ನೆ: ನಾವು ಅಚ್ಚುಬೆಲ್ಲವನ್ನು ಸಣ್ಣ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತೇವೆ. ಮಡಿಕೆಯ ಗೆರೆಯಲ್ಲಿ ಬಣ್ಣ ಸೀಳಿ ಬಿಳಿಯ ಬಿರುಕು ಕಾಣುತ್ತದೆ. ಮುದ್ರಣಾಲಯದವರು ಡೈ ಸರಿಯಿಲ್ಲ ಎನ್ನುತ್ತಾರೆ, ಡೈಯವರು ರಟ್ಟು ಸರಿಯಿಲ್ಲ ಎನ್ನುತ್ತಾರೆ. (ಉದ್ಯಮಿ, ಮದ್ದೂರು)

ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯ ಇರಬಹುದು, ಪರೀಕ್ಷೆ ಸುಲಭವಾಗಿದೆ. ಮೊದಲು ರಟ್ಟಿನ ಗ್ರೇನ್, ಅಂದರೆ ನಾರುಗಳ ದಿಕ್ಕು ನೋಡಿ. ಮಿಲ್ಲಿನಲ್ಲಿ ನಾರುಗಳು ಯಂತ್ರ ಓಡುವ ದಿಕ್ಕಿಗೆ ಮಲಗಿಕೊಂಡಿರುತ್ತವೆ. ಆ ದಿಕ್ಕಿಗೆ ಅಡ್ಡಲಾಗಿ ಬಂದ ಮಡಿಕೆಯಲ್ಲಿ ನಾರುಗಳೇ ಮುರಿಯಬೇಕಾದ್ದರಿಂದ ಬಿರುಕು ಅಲ್ಲೇ ಹೆಚ್ಚು. ಪೆಟ್ಟಿಗೆಯ ನಾಲ್ಕು ಗೋಡೆಗಳ ಮಡಿಕೆ ಚೆನ್ನಾಗಿದ್ದು ಮುಚ್ಚಳದ ಮಡಿಕೆ ಮಾತ್ರ ಸೀಳುತ್ತಿದ್ದರೆ, ಅಥವಾ ಇದಕ್ಕೆ ತಿರುಗುಮುರುಗಾಗಿದ್ದರೆ, ಗ್ರೇನಿನ ಪಾತ್ರವಿದೆಯೆಂದು ಹೇಳಬಹುದು. ಹಾಳೆ ಉಳಿಸಲೆಂದು ಲೇಔಟನ್ನು ಅಡ್ಡ ತಿರುಗಿಸಿದಾಗ ಈ ತೊಂದರೆ ಕಾಣಿಸಿಕೊಳ್ಳುವುದು ಸಾಮಾನ್ಯ.

ಎಲ್ಲ ದಿಕ್ಕಿನಲ್ಲೂ ಸೀಳುತ್ತಿದ್ದರೆ ಮಡಿಕೆಯ ಅಳತೆ ನೋಡಬೇಕು. ಮಡಿಕೆ ಒತ್ತುವ ಪಟ್ಟಿಯ ಎತ್ತರ ಬ್ಲೇಡಿನ ಎತ್ತರದಲ್ಲಿ ರಟ್ಟಿನ ದಪ್ಪವನ್ನು ಕಳೆದಷ್ಟಿರಬೇಕು, ರಟ್ಟಿನ ಇನ್ನೊಂದು ಬದಿಯಲ್ಲಿ ಪಟ್ಟಿಗೆ ಎದುರಾಗಿರುವ ಕಾಲುವೆಯ ಅಗಲ ರಟ್ಟಿನ ದಪ್ಪದ ಒಂದೂವರೆ ಪಾಲಿಗೆ ಪಟ್ಟಿಯ ದಪ್ಪ ಕೂಡಿಸಿದಷ್ಟಿರಬೇಕು. ನಿಮ್ಮ ರಟ್ಟು 0.4 ಮಿಲಿಮೀಟರ್ ಎಂದಿಟ್ಟುಕೊಂಡರೆ ಪಟ್ಟಿ 23.4 ಮಿಲಿಮೀಟರ್ ಎತ್ತರ, ಕಾಲುವೆ ಸುಮಾರು 1.3 ಮಿಲಿಮೀಟರ್ ಅಗಲ. ಕಾಲುವೆ ಇದಕ್ಕಿಂತ ಕಿರಿದಾದರೆ ರಟ್ಟು ಉಬ್ಬಿ ಮಡಿಯುವ ಬದಲು ಜಜ್ಜಿಹೋಗುತ್ತದೆ. ಹಿಂದೆ ತೆಳು ರಟ್ಟಿಗೆ ಮಾಡಿಸಿದ ಡೈಯಲ್ಲೇ ಈಗ ದಪ್ಪ ರಟ್ಟನ್ನು ಒತ್ತುತ್ತಿದ್ದರೆ ತಪ್ಪು ಡೈಯದೂ ಅಲ್ಲ, ರಟ್ಟಿನದೂ ಅಲ್ಲ. ಬೇಸಿಗೆಯಲ್ಲಿ ಗೋದಾಮಿನಲ್ಲಿ ಒಣಗಿದ ರಟ್ಟು ಹೆಚ್ಚು ಸೀಳುತ್ತದೆ ಎಂಬುದನ್ನೂ ನೆನಪಿಡಿ. ಬೆಲ್ಲ ತೇವ ಎಳೆದುಕೊಳ್ಳುವ ಪದಾರ್ಥವಾದ್ದರಿಂದ ಒಳಗಿನ ಪದರ ಹೇಗಿರಬೇಕೆಂಬ ಪ್ರಶ್ನೆಯೂ ನಿಮಗೆ ಬಂದೇ ಬರುತ್ತದೆ. ಅದಕ್ಕೆ 1950ರಿಂದ ಮೈಸೂರಿನಲ್ಲಿರುವ ಸಿಎಫ್‌ಟಿಆರ್‌ಐ ಎಂಬ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಆಹಾರ ಪ್ಯಾಕೇಜಿಂಗ್ ವಿಭಾಗವನ್ನು ಕೇಳುವುದು ಒಳ್ಳೆಯದು.

ಪ್ರಶ್ನೆ: ಪಂಚಿಂಗ್ ಯಂತ್ರದಲ್ಲಿ ಕೈ ಸಿಕ್ಕಿಕೊಂಡ ಸುದ್ದಿಗಳನ್ನು ಕೇಳುತ್ತೇವೆ. ತಪ್ಪಿಸುವ ದಾರಿ ಏನು? (ಕಾರ್ಮಿಕರೊಬ್ಬರು, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು)

ಹಾಳೆಯನ್ನು ಕೈಯಿಂದ ಇಡುವ, ಕೈಯಿಂದ ತೆಗೆಯುವ ತೆರೆ-ಮುಚ್ಚುವ ಯಂತ್ರಗಳೇ ಹೆಚ್ಚು ಅಪಾಯಕಾರಿ. ಮುಚ್ಚಿಕೊಳ್ಳುವಾಗ ಕೈ ತಗುಲಿದರೆ ತಾನಾಗಿ ನಿಲ್ಲಿಸುವ ತಡೆಪಟ್ಟಿ ಅದರಲ್ಲಿ ಇರಲೇಬೇಕು, ಅದು ಕೆಲಸ ಮಾಡುತ್ತಿದೆಯೇ ಎಂದು ಪ್ರತಿ ಪಾಳಿಯ ಆರಂಭದಲ್ಲಿ ನೋಡಬೇಕು. ವೇಗಕ್ಕೆ ಅಡ್ಡಿಯೆಂದು ಆ ತಡೆಪಟ್ಟಿಯನ್ನು ಕಟ್ಟಿಹಾಕಿದ ಯಂತ್ರದಲ್ಲಿ ಕೆಲಸ ಮಾಡಲು ಒಪ್ಪಬೇಡಿ. ಚರ್ಮ ಕತ್ತರಿಸುವ ಯಂತ್ರದಲ್ಲಿ ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಒತ್ತು ಬೀಳುವ ಏರ್ಪಾಡಿರಬೇಕು. ಡೈ ಕೂರಿಸುವಾಗ, ಕೆಳಗೆ ತೆಳು ಕಾಗದ ಅಂಟಿಸಿ ಒತ್ತು ಸರಿಪಡಿಸುವಾಗ ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲೇ ಆರಿಸಿ, ಗಾಲಿ ಪೂರ್ತಿ ನಿಂತ ಮೇಲೆ ಕೈ ಹಾಕಿ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಮುಗಿಸಿದ ನನ್ನ ತಂಗಿಯ ಮಗನಿಗೆ ಈ ಕೆಲಸದಲ್ಲಿ ಆಸಕ್ತಿ ಇದೆ. ಎಲ್ಲಿ ಕಲಿಯಬಹುದು? (ಗೃಹಿಣಿ, ನಂಜನಗೂಡು)

1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಎಲ್ಲರೂ ಜಿಟಿಟಿಸಿ ಎಂದು ಕರೆಯುವ ಸಂಸ್ಥೆಯ ಶಾಖೆ ಮೈಸೂರಿನಲ್ಲಿದೆ. ಅಲ್ಲಿ ಎಸ್ಸೆಸ್ಸೆಲ್ಸಿಯ ಬಳಿಕ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಗೆ ಸೇರಬಹುದು. ಸೇರುವ ಮೊದಲು ಒಂದು ವಿಷಯ ತಿಳಿದಿರಲಿ: ಅಲ್ಲಿ ಕಲಿಸುವ ಡೈಗಳು ಮುಖ್ಯವಾಗಿ ಲೋಹದ ತಗಡು ಒತ್ತುವ, ಪ್ಲಾಸ್ಟಿಕ್ ಎರೆಯುವ ಗಟ್ಟಿ ಉಕ್ಕಿನವು. ರಟ್ಟಿಗೂ ಚರ್ಮಕ್ಕೂ ಬೇಕಾದ ಬ್ಲೇಡಿನ ಡೈ ಅದರಲ್ಲಿ ಮುಖ್ಯ ಪಾಠವಲ್ಲ. ಆದರೂ ನಕ್ಷೆ ಓದುವುದು, ಗಣಕದಲ್ಲಿ ನಕ್ಷೆ ಬರೆಯುವುದು, ಅಳತೆ, ಉಕ್ಕಿನ ಹದ ಇವೆಲ್ಲ ಎರಡಕ್ಕೂ ಒಂದೇ ಆಗಿರುವುದರಿಂದ ಆ ಓದು ವ್ಯರ್ಥವಾಗದು. ಉಳಿದದ್ದನ್ನು ಡೈ ಅಂಗಡಿಯಲ್ಲೇ ಕಲಿಯಬೇಕು. ಹುಡುಗನನ್ನು ರಜೆಯಲ್ಲಿ ಅಂಥದೊಂದು ಅಂಗಡಿಗೆ ಕಳಿಸುವುದಾದರೆ, ಬರಿದೆ ನೋಡುತ್ತ ನಿಲ್ಲಿಸದೆ ಮೊದಲು ರಬ್ಬರು ಅಂಟಿಸಲು, ಆಮೇಲೆ ಬ್ಲೇಡು ಬಾಗಿಸಲು ಹಚ್ಚುವವರನ್ನೇ ಆರಿಸಿ, ಮತ್ತು ಅವನ ದಿನದ ಕೂಲಿ ಎಷ್ಟೆಂಬುದನ್ನು ಮೊದಲ ದಿನವೇ ಮಾತಾಡಿಕೊಳ್ಳಿ.